ದೊರೆಸಾನಿ ಹಾಲು ಬಿಟ್ಟದ್ದು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಖೆಗೆ ನಿನ್ನ ಮುಂಗೈ ಮೇಲೆ ಎದ್ದಿದ್ದ ಬೊಬ್ಬೆಗಳು ಒಣಗಿದವೇ? ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಯಂತ್ರಕ್ಕೆ ಹಾಕುವ ಗ್ರೀಸನ್ನೇ ಬಳಿದುಕೊಂಡು ಸುಮ್ಮನಿದ್ದೀಯೋ? ನಿನ್ನನ್ನು ನಂಬುವ ಹಾಗಿಲ್ಲ. ರಾತ್ರಿ ಪಾಳಿ ಮುಗಿದ ಮೇಲಾದರೂ ಹೊಟ್ಟೆ ತುಂಬ ತಿಂದು ಮಲಗು. ನಿಮ್ಮ ಹಡಗಿನ ಅಡುಗೆಯವನು ಮಾಂಸವನ್ನೂ ತರಕಾರಿಯನ್ನೂ ಒಂದೇ ಪಾತ್ರೆಗೆ ಸುರಿದು ಮೂರು ದಿನ ಅದನ್ನೇ ಬಿಸಿ ಮಾಡಿ ಬಡಿಸುತ್ತಾನೆಂದು ಬರೆದಿದ್ದೆ. ಅವನನ್ನು ಅಡುಗೆಯವನೆಂದು ಕರೆದು ನಮ್ಮ ಕಸುಬಿನ ಮರ್ಯಾದೆ ಕಳೆಯಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಮೆಟ್ಟಿಲು ಇಳಿಯುವಾಗ ಬಯ್ಯುತ್ತದೆ, ಹತ್ತುವಾಗ ಶಾಪ ಹಾಕುತ್ತದೆ. ಅಳಿಯಂದಿರು ಆರೋಗ್ಯವಾಗಿದ್ದಾರೆ. ಊರಿನ ಲಿಫ್ಟುಗಳಿಗೆಲ್ಲ ಅವರ ರಜೆಯ ದಿನ ಯಾವುದೆಂದು ಹೇಗೆ ಗೊತ್ತಾಗುತ್ತದೋ, ಅವತ್ತೇ ಕೆಟ್ಟು ಕೂತು ರಿಪೇರಿಗೆ ಅವರನ್ನು ಕರೆಸುತ್ತವೆ.

ಇದನ್ನೆಲ್ಲ ಫೋನಿನಲ್ಲಿ ಹೇಳಲಾಗುವುದಿಲ್ಲ. ನಿನಗೆ ಸಿಗ್ನಲ್ ಸಿಗುವ ಹತ್ತು ನಿಮಿಷದಲ್ಲಿ ಎಂಟು ನಿಮಿಷ "ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ" ಎನ್ನುವುದಕ್ಕೇ ಹೋಗುತ್ತದೆ, ಉಳಿದೆರಡು ನಿಮಿಷ ನಿನ್ನ ಗಂಡನ ಪಾಲು. ಕಾಗದವಾದರೆ ಕಂಪನಿಯವರು ಮುಂದಿನ ಬಂದರಿನಲ್ಲಿ ನಿನ್ನ ಕೈಗೇ ಕೊಡುತ್ತಾರೆ. ಕೂತು ನಿಧಾನವಾಗಿ ಓದು.

ನಮ್ಮ ದೊರೆಸಾನಿಯ ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳಿಗೆ ನಾಲ್ಕು ತುಂಬಲು ಇನ್ನೆರಡು ತಿಂಗಳು. ಗತ್ತು ಮಾತ್ರ ಅರವತ್ತು ವರ್ಷ ರಾಜ್ಯ ಆಳಿದವಳದು. ನೀನು ಹೊರಡುವ ಮುಂಚೆ ಆಸ್ಪತ್ರೆಯವರು ಆಟಿಸಂ ಎಂದು ಹೇಳಿದಾಗ ನೀನು ಅತ್ತುಬಿಟ್ಟೆ, ನಾನು ಅಳಲಿಲ್ಲ. ಈಗಲೂ ಆ ಪದಕ್ಕಾಗಿ ನಾನು ಅಳುವುದಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ, ಆದರೆ ಮೂರನೇ ಮಹಡಿಯಲ್ಲಿ ಯಾರೋ ಬಿಸ್ಕತ್ತಿನ ಪೊಟ್ಟಣ ಹರಿದರೆ ಇಲ್ಲಿ ತಲೆ ಎತ್ತುತ್ತಾಳೆ. ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾಳೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಬಣ್ಣದ ಪ್ರಕಾರ ನಡುಮನೆಯ ಉದ್ದಕ್ಕೂ ಜೋಡಿಸಿ, ಒಂದನ್ನು ನಾನು ಕಾಲಲ್ಲಿ ಸರಿಸಿದರೆ ಎದ್ದು ಬಂದು ನನ್ನ ಪಾದವನ್ನೇ ಎತ್ತಿ ಪಕ್ಕಕ್ಕಿಡುತ್ತಾಳೆ. ನನ್ನನ್ನು ಮನೆಯ ಸಾಮಾನೆಂದುಕೊಂಡಿದ್ದಾಳೋ ಏನೋ. ಮುದ್ದು ಬರುತ್ತದೆ, ಏನು ಮಾಡಲಿ.

ಊಟದ ಪಟ್ಟಿ ನಿನಗೆ ಬಾಯಿಪಾಠವಿದೆ. ನೀನು ಹೊರಡುವಾಗ ಐದು ಪದಾರ್ಥಗಳಿದ್ದವು. ಉಪ್ಪಿಲ್ಲದೆ ಬೇಯಿಸಿ ಚೌಕವಾಗಿ ಕತ್ತರಿಸಿದ ಆಲೂಗಡ್ಡೆ, ಅಂಚು ತೆಗೆದು ಒಂದೇ ಬದಿ ಸುಟ್ಟ ಬ್ರೆಡ್ಡು, ಚುಕ್ಕೆಯಿಲ್ಲದ ಬಾಳೆಹಣ್ಣು, ಮುರಿಯದ ದುಂಡು ಬಿಸ್ಕತ್ತು, ಮತ್ತು ನೀಲಿ ಲೋಟದಲ್ಲಿ ತಣ್ಣನೆಯ ಹಾಲು. ಆಲೂಗಡ್ಡೆ ಬ್ರೆಡ್ಡಿಗೆ ತಾಗಿದರೆ ಎರಡೂ ಹೋದ ಹಾಗೆ. ಈ ಐದರಲ್ಲಿ ಮೈಗೆ ಹತ್ತುತ್ತಿದ್ದದ್ದು ಹಾಲು ಒಂದೇ. ದಿನಕ್ಕೆ ಮೂರು ಲೋಟ ಗಟಗಟ ಕುಡಿದು ಲೋಟವನ್ನು ಬೋರಲು ಹಾಕಿ ಕೈ ತಟ್ಟುತ್ತಿದ್ದಳು. ಅದೇ ಹಾಲು ಈಗ ಹೋಗಿದೆ.

ಲೋಕದವರಿಗೆ ಈ ಮಗುವಿನ ಬಾಯಿಯ ಮೇಲೆ ಎಂಥ ಕಾಳಜಿ ಅಂತೀಯ! ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಮೊನ್ನೆ ಮೆಟ್ಟಿಲ ಮೇಲೆ ಅಡ್ಡ ನಿಂತು, "ಎರಡು ದಿನ ಉಪವಾಸ ಕೆಡವಿ ನೋಡಿ, ಮೂರನೇ ದಿನ ಕಲ್ಲು ಕೊಟ್ರೂ ತಿಂತಾಳೆ" ಎಂದು ಅಪ್ಪಣೆ ಕೊಡಿಸಿದರು. "ನಿಮ್ಮ ಹಲ್ಲಿನ ಸೆಟ್ಟು ಎರಡು ದಿನ ನನ್ನ ಹತ್ರ ಇರ್ಲಿ, ಮೂರನೇ ದಿನ ನೀವೇನು ತಿಂತೀರೋ ನೋಡೋಣ" ಎಂದೆ. ಅಂದಿನಿಂದ ನಾನು ಇಳಿಯುವ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಶಿಶುವಿಹಾರದ ಮಿಸ್ಸು ಇನ್ನೂ ಒಂದು ಕೈ ಮೇಲೆ. ಡಬ್ಬಿ ಖಾಲಿ ಮಾಡಿದ ಮಕ್ಕಳ ಹೆಸರಿನ ಮುಂದೆ ಹೊಳೆಯುವ ಕಾಗದದ ನಕ್ಷತ್ರ ಅಂಟಿಸುತ್ತಾಳೆ. ಅದನ್ನು ನೋಡಿ ನಮ್ಮವಳಿಗೆ ಆಸೆ ಹುಟ್ಟಬೇಕಂತೆ. ನಮ್ಮವಳಿಗೆ ಆಸೆಯೇನೋ ಹುಟ್ಟಿತು. ಇಡೀ ತರಗತಿಯ ನಕ್ಷತ್ರಗಳನ್ನು ಕಿತ್ತು ಕಿಟಕಿಯ ಕಟ್ಟೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಳು. "ಎಲ್ಲಾ ಮಕ್ಳೂ ತಿಂತಾರೆ, ಇವಳೊಬ್ಳದ್ದೇ ಹಟ" ಎಂದು ಮಿಸ್ಸು ನನ್ನೆದುರು ಮುಖ ಗಂಟಿಕ್ಕಿದಳು. ಇಪ್ಪತ್ತು ಮಕ್ಕಳಿಗೆ ಊಟ ಮಾಡಿಸಿದ ಮಾತ್ರಕ್ಕೆ ಊಟದ ವಿಷಯ ಗೊತ್ತೆಂದುಕೊಂಡಿದ್ದಾಳೆ. ನಾನು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಹೊತ್ತಿಗೆ ಇನ್ನೂರು ತಟ್ಟೆ ಕಳಿಸಿದವಳು. ಗೋಡೆಗೆ ಮುಖ ಮಾಡಿ ಮಲಗಿದವರಿಗೂ ಗೊತ್ತೇ ಆಗದಂತೆ ಬೇಕಾದ್ದನ್ನು ಹೊಟ್ಟೆಗೆ ಸೇರಿಸಿದವಳು. ಡಾಕ್ಟರುಗಳೇ ಕೆಳಗಿಳಿದು ಬಂದು, "ಹದಿನಾಲ್ಕನೇ ಬೆಡ್ಡಿನವರಿಗೆ ಏನಮ್ಮ ಕೊಟ್ರಿ?" ಎಂದು ಕೇಳುತ್ತಿದ್ದರು. ಅದೆಲ್ಲ ಈಗ ಯಾರಿಗೆ ಬೇಕು.

ಇನ್ನು ನಿಮ್ಮತ್ತೆ. ನಿನ್ನ ಜಾಗ ತುಂಬಲು ಸಹಾಯಕ್ಕೆಂದು ಬಂದ ಮಹಾತಾಯಿ. ಹೊಲಿಗೆ ಚೆನ್ನಾಗಿ ಬರುತ್ತದೆ, ಇಲ್ಲವೆನ್ನುವುದಿಲ್ಲ. ಅಡುಗೆ ಮಾತ್ರ ಎಳ್ಳಷ್ಟೂ ಬರುವುದಿಲ್ಲ. ಬಂದ ಮೊದಲ ವಾರವೇ, "ಹಾಲಿಗೆ ಒಂಚೂರು ಸಕ್ಕರೆ ಹಾಕಿದ್ರೆ ಇನ್ನೂ ಚೆನ್ನಾಗಿ ಕುಡೀತಾಳೇನೋ ಬೀಗರೇ" ಎಂದು ಬಾಯಿ ಹಾಕಿದರು. ಬೇಡವೆಂದೆ, ಸುಮ್ಮನಾದರು. ಆಮೇಲೆ ಅವರು ಮಾಡಿದ ಘನಕಾರ್ಯವೆಂದರೆ ತಾವೇ ತಿನ್ನುವುದು. ದೊರೆಸಾನಿ ನೆಲದ ಮೇಲೆ ಕೂತರೆ ಇವರೂ ತಟ್ಟೆ ಹಿಡಿದು ಒಂದು ಮಾರು ದೂರದಲ್ಲಿ ಕೂತು, ಕ್ಯಾರೆಟ್ಟನ್ನು ಕಟಕಟ ಕಡಿಯುತ್ತ, ಗೋಡೆ ನೋಡುತ್ತ ಮೇಯುತ್ತಿದ್ದರು. "ನಿಂಗೂ ಬೇಕೇನಮ್ಮ" ಎಂದು ಮಗುವನ್ನು ಒಂದು ಮಾತು ಕೇಳುವ ಸೌಜನ್ಯವೂ ಇಲ್ಲ! ಒಂದು ದಿನ ಮಗು ಅವರ ತಟ್ಟೆಗೆ ಕೈ ಹಾಕಿ ಸೇಬಿನ ಹೋಳು ಎತ್ತಿ, ನೆಕ್ಕಿ, ವಾಪಸ್ಸಿಟ್ಟಳು. ಆ ಎಂಜಲನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು, ಏನೂ ಆಗಿಲ್ಲವೆಂಬಂತೆ. ಕೈ ತೊಳೆಯದೆ ಚಮಚ ಮುಟ್ಟಿದ ಹುಡುಗಿಯರನ್ನು ಕೆಲಸದಿಂದ ತೆಗೆದವಳು ನಾನು, ನನಗೆ ಹೇಗಾಗಿರಬೇಡ.

ಆ ಗುರುವಾರದ ಕಥೆ ಹೋದ ಪತ್ರದಲ್ಲಿ ಬರೆದಿದ್ದೆ. ಬೆಳಿಗ್ಗೆ ನೀಲಿ ಲೋಟವನ್ನು ಮಗುವಿನ ಕೈಗೆ ಕೊಟ್ಟವರು ನಿಮ್ಮತ್ತೆ. ದೊರೆಸಾನಿ ಒಂದು ಗುಟುಕು ಕುಡಿದು ನಿಂತಳು. ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದಳು. ನೆಲದ ಮೇಲಿಟ್ಟು ಹಿಮ್ಮಡಿಯಿಂದ ದೂರ ತಳ್ಳಿದಳು, ಆಮೇಲೆ ಕಿವಿ ಮುಚ್ಚಿಕೊಂಡು ಕೂಗಿದ ಕೂಗಿಗೆ ಕೆಳಗಿನ ಇಸ್ತ್ರಿ ಅಂಗಡಿಯವನು ಓಡಿ ಬಂದ. ಅಂದಿನಿಂದ ಹಾಲು ಎಂದರೆ ಸಾಕು, ತುಟಿ ಹೊಲಿದ ಹಾಗೆ. ಲೋಟ ಬದಲಾಯಿಸಿದೆವು, ಡೇರಿ ಬದಲಾಯಿಸಿದೆವು, ಫಲವಿಲ್ಲ. ಅಳಿಯಂದಿರೆದುರೇ ನಾನು, "ಏನು ಬೆರೆಸಿದ್ರಿ ಅದಕ್ಕೆ?" ಎಂದು ಕೇಳಿದೆ. "ನೀವು ಬಗ್ಗಿಸಿಟ್ಟಿದ್ದನ್ನೇ ಎತ್ತಿ ಕೊಟ್ಟೆ ಕಣ್ರೀ" ಎಂದರು. ಮಗನ ಮುಖ ನೋಡಿದರು. ಮಗ ನೆಲ ನೋಡಿದ. ಸಕ್ಕರೆಯ ಮಾತು ಎಲ್ಲರಿಗೂ ನೆನಪಿತ್ತಲ್ಲ.

ನಿನ್ನ ಪತ್ರ ಅವರಿಗೆ ಹದಿನೈದು ದಿನದ ಹಿಂದೆ ಬಂತು. ನೀನು ಏನು ಬರೆದಿದ್ದೆಯೋ ನಾನು ಓದಿಲ್ಲ. ಆದರೆ ಅವರು ಓದುವಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಿದ್ದನ್ನು ನೋಡಿದೆ. "ನಾನು ಮನೆಗೆ ಬರುವವರೆಗೂ ನನ್ನ ಮಗಳನ್ನು ಮುಟ್ಟಬೇಡಿ" ಎಂದು ಬರೆದಿದ್ದೆಯಂತೆ, ಅಳಿಯಂದಿರು ಹೇಳಿದರು. ಸಂಜೆಯೊಳಗೆ ಚೀಲ ಕಟ್ಟಿಕೊಂಡು, "ನಾನು ಮುಟ್ಟಿದ್ರೆ ಮಗು ಉಪವಾಸ ಅಂತಾದ್ರೆ ನಾನ್ಯಾಕಿರ್ಲಿ" ಎಂದು ಹಿಂದಿನ ಬೀದಿಯ ತಮ್ಮ ಬಾಡಿಗೆ ಕೋಣೆಗೆ ಹೊರಟುಹೋದರು. ಬಾಗಿಲಲ್ಲಿ ನಿಂತು ಮೂಗು ಸೊರಸೊರ ಎಳೆದದ್ದೂ ಆಯಿತು. ನಾಟಕಕ್ಕೆ ಏನೂ ಕಡಿಮೆಯಿಲ್ಲ ಎಂದುಕೊಂಡೆ. ನಿನ್ನ ಗಂಡ ಅವತ್ತಿನಿಂದ ನನ್ನ ಜೊತೆ "ಹೂಂ", "ಉಹೂಂ" ಬಿಟ್ಟು ಮೂರನೇ ಪದ ಆಡಿಲ್ಲ.

ಇನ್ನು ಆಹಾರ ಚಿಕಿತ್ಸೆಯ ತಜ್ಞೆ. ಹಾಲು ಬಿಟ್ಟ ಮೂರನೇ ವಾರಕ್ಕೆ ಮಕ್ಕಳ ಆಸ್ಪತ್ರೆಯಲ್ಲಿ ಸರದಿ ಸಿಕ್ಕಿತು. ತಜ್ಞೆ ಎಂದರೆ ಯಾರೋ ಎಂದುಕೊಂಡಿದ್ದೆ. ಬಿಳಿ ಕೋಟಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಚಾಪೆಯ ಮೇಲೆ ಕೂತು ಖಾಲಿ ಮೊಸರಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ನನ್ನ ಸರ್ವಿಸ್ಸಿನಷ್ಟೂ ವಯಸ್ಸಾಗಿಲ್ಲ ಅವಳಿಗೆ. "ಅಜ್ಜಿ, ಇದು ಹಟ ಅಲ್ಲ. ಇವಳ ನಾಲಿಗೆಗೆ, ಮೂಗಿಗೆ ಎಲ್ಲವೂ ನಮಗಿಂತ ಜೋರಾಗಿ ಗೊತ್ತಾಗುತ್ತೆ. ಅದೇ ರುಚಿ, ಅದೇ ಬಣ್ಣ ಇದ್ರೆ ಮಾತ್ರ ಧೈರ್ಯ" ಎಂದಳು. ಒತ್ತಾಯ ಮಾಡಬಾರದಂತೆ, ಆಸೆ ತೋರಿಸಬಾರದಂತೆ, ನಂಬಿದ ತಿಂಡಿಯೊಳಗೆ ಏನನ್ನೂ ಬಚ್ಚಿಡಬಾರದಂತೆ. ಬಚ್ಚಿಟ್ಟದ್ದು ಒಮ್ಮೆ ಗೊತ್ತಾದರೆ ಆ ತಿಂಡಿಯ ಜೊತೆಗೆ ಕೊಟ್ಟ ಕೈಯ ಮೇಲಿನ ನಂಬಿಕೆಯೂ ಹೋಗುತ್ತದಂತೆ. ಹಾಗಾದರೆ ಮಾಡಬೇಕಾದ್ದೇನು ಎಂದು ಕೇಳಿದರೆ ಹೇಳುತ್ತಾಳೆ: ಪಕ್ಕದಲ್ಲಿ ಕೂತು ನಿಮ್ಮ ಪಾಡಿಗೆ ನೀವು ತಿನ್ನಿ, ಬೇಕಾ ಎಂದು ಕೇಳಬೇಡಿ, ಮುಟ್ಟಿದರೆ ಮುಟ್ಟಲಿ, ನೆಕ್ಕಿ ಇಟ್ಟರೂ ಅದೇ ದೊಡ್ಡ ವಿಷಯ. ಇದನ್ನು ಕಲಿಯಲು ಕಾಲೇಜಿಗೆ ಹೋಗಿದ್ದಳಂತೆ! ಅಳಿಯಂದಿರು ಅವಳ ಮಾತು ಕೇಳಿ ನನ್ನ ಕಡೆ ಒಂದು ನೋಟ ನೋಡಿದರು. ನಾನು ಡಬ್ಬಿಗಳನ್ನು ಎಣಿಸುತ್ತ ಕೂತೆ.

ತೂಕ ಹಾಕಿದರು. ಹನ್ನೆರಡು ಕಿಲೋ ಇದ್ದವಳು ಹನ್ನೊಂದಕ್ಕೆ ಇಳಿದಿದ್ದಾಳೆ. ಹೀಗೇ ಇಳಿಯುತ್ತ ಹೋದರೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದಳು. ಆಗ ಅವಳ ದನಿಯಲ್ಲಿ ಆಟವಿರಲಿಲ್ಲ. ಕೂದಲು ಬಾಚಿದರೆ ಅರ್ಧ ಗಂಟೆ ಅಳುವ ಮಗುವಿಗೆ ಮೂಗಿನಲ್ಲಿ ನಳಿಗೆ. "ಹಾಲಿಗೆ ಏನು ಬೆರೆಸಿದ್ರು, ಎಷ್ಟು ಬೆರೆಸಿದ್ರು, ಸರಿಯಾಗಿ ಹೇಳಿ. ಅದರ ಮೇಲೇ ನನ್ನ ಕೆಲಸ ನಿಂತಿದೆ" ಎಂದು ಕೇಳಿದಳು. ಬೀಗಿತ್ತಿ ಸಕ್ಕರೆ ಹಾಕಿದರು ಎಂದೆ. ಬರೆದುಕೊಂಡಳು. ಸಿಹಿಗೆ ಬೆದರಿರಬೇಕು ಎಂದು, ಸಿಹಿಯಿಲ್ಲದ ಹಾಲನ್ನು ಗಾಜಿನ ಲೋಟದಲ್ಲಿ ದೂರವಿಟ್ಟು ದಿನಕ್ಕೊಂದು ಗೇಣು ಹತ್ತಿರ ತರುವ ಒಂದು ಯೋಜನೆ ಮಾಡಿಕೊಟ್ಟಳು. ಹತ್ತು ದಿನದಿಂದ ಅಳತೆಪಟ್ಟಿ ಹಿಡಿದು ಲೋಟ ಸರಿಸುತ್ತಿದ್ದೇನೆ. ಲೋಟ ಒಂದು ಗೇಣು ಮುಂದೆ ಬಂದರೆ ದೊರೆಸಾನಿ ಎರಡು ಗೇಣು ಹಿಂದೆ ಹೋಗುತ್ತಾಳೆ. ಮೊನ್ನೆಯಿಂದ ನನ್ನ ಕೈಯ ಆಲೂಗಡ್ಡೆಯನ್ನೂ ಮೂಸಿ ಬಿಟ್ಟಿದ್ದಾಳೆ. ದೊಡ್ಡ ಓದು ಓದಿದವರ ಯೋಜನೆ ಇಷ್ಟೇ ತಾನೇ ಎಂದುಕೊಳ್ಳುತ್ತೇನೆ, ಆದರೆ ಹಾಗೆಂದುಕೊಂಡು ಮಗುವಿನ ಹೊಟ್ಟೆ ತುಂಬುವುದಿಲ್ಲ.

ನೀನು ಕೆಲಸ ಬಿಟ್ಟು ಓಡಿ ಬರುವ ಹುಚ್ಚು ಮಾಡಬೇಡ. ಮುಂದಿನ ಪರೀಕ್ಷೆಗೆ ಕೂರಲು ಬೇಕಾದ ಹಡಗಿನ ತಿಂಗಳುಗಳು ತುಂಬಲಿ. ಆ ಎಂಜಿನ್ ಕೋಣೆಗೆ ಇಳಿಯಲು ನೀನು ಎಷ್ಟು ಜನರ ಮುಂದೆ ಹಲ್ಲು ಕಚ್ಚಿ ನಿಂತೆಯೆಂದು ನನಗೆ ಗೊತ್ತು. ಮುಲಾಮು ಹಚ್ಚಿಕೋ. ಮೈ ಬೆಚ್ಚಗಿರಲಿ, ಮನಸ್ಸು ಗಟ್ಟಿಯಿರಲಿ, ನೀನು ಮುಟ್ಟಿದ ಯಂತ್ರಗಳೆಲ್ಲ ನಿನ್ನ ಮಾತು ಕೇಳಲಿ. ನೂರು ಕಾಲ ಬಾಳು.

ಇಂತಿ ನಿನ್ನ
ಅಮ್ಮ

ವಿ. ಸೂ.: ಗುರುವಾರ ಬೆಳಿಗ್ಗೆ. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಕಾಗದ ಒಯ್ಯಲು ಕಂಪನಿಯವನು ಹತ್ತೂವರೆಗೆ ಬರುತ್ತಾನೆ, ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ಹಾಲು ಕೆಡಿಸಿದವಳು ನಾನು. ನಿಮ್ಮತ್ತೆ ಒಂದು ಹರಳು ಸಕ್ಕರೆಯನ್ನೂ ಹಾಕಿಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಅರೆದು, ಎರಡು ಸಲ ತೆಳು ಬಟ್ಟೆಯಲ್ಲಿ ಸೋಸಿ, ಮೈಗೆ ಹತ್ತಲೆಂದು ಹಾಲಿಗೆ ಕಾಲು ಚಮಚ ಬೆರೆಸುತ್ತಿದ್ದೆ. ಆಸ್ಪತ್ರೆಯಲ್ಲಿ ಸೂಪಿಗೆ ಮಾಡುತ್ತಿದ್ದ ಹಾಗೆಯೇ. ಒಂದು ವಾರ ಮಗುವಿಗೆ ಗೊತ್ತಾಗಲಿಲ್ಲ. ಇನ್ನೂರು ತಟ್ಟೆಯವಳಿಗೆ ಕೊಂಬು ಬಂತು. ಆ ಗುರುವಾರ ಅರ್ಧ ಚಮಚ ಹಾಕಿದೆ, ಲೋಟವನ್ನು ಕಟ್ಟೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋದೆ. ನಿಮ್ಮತ್ತೆ ಎತ್ತಿ ಕೊಟ್ಟರು, ಅಷ್ಟೇ ಅವರ ತಪ್ಪು. ಮಗು ಕೂಗಿದಾಗ ನನಗೆ ಎಲ್ಲ ಗೊತ್ತಾಯಿತು. ಗೊತ್ತಿದ್ದೂ ಅವರನ್ನೇ ಕೇಳಿದೆ, ಅವರ ಮಗನೆದುರು. ನಿನಗೂ ಹಾಗೆಯೇ ಬರೆದೆ. ತಜ್ಞೆಗೂ ಅದನ್ನೇ ಹೇಳಿದೆ. ಹೆಡ್‌ಮಾಸ್ಟರು, ಮಿಸ್ಸು ಎಂದು ಊರವರನ್ನೆಲ್ಲ ಆಡಿಕೊಂಡ ನಿನ್ನ ತಾಯಿಯ ಯೋಗ್ಯತೆ ಇದು. ಮೇಲಿನ ಹಾಳೆಗಳನ್ನು ಹರಿದು ಬೇರೆ ಬರೆಯಬಹುದಿತ್ತು. ಹರಿಯಲಿಲ್ಲ, ನಾನು ಹೇಗೆ ಸುಳ್ಳು ಹೇಳುತ್ತೇನೆಂದು ನೀನೂ ನೋಡು.

ನಿನ್ನೆ ಇಡೀ ದಿನ ಮಗು ನನ್ನ ಕೈಯಿಂದಾಗಲಿ, ಅಪ್ಪನ ಕೈಯಿಂದಾಗಲಿ ಏನನ್ನೂ ಮುಟ್ಟಲಿಲ್ಲ, ನೀರು ಬಿಟ್ಟು. ಇವತ್ತು ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೇ ತಜ್ಞೆಯ ಮುಂದೆ ನಿಂತು ಹೇಳಿದೆ. ಬೈಯಲಿಲ್ಲ. ಸಕ್ಕರೆ ಎಂದಿದ್ದನ್ನು ಹೊಡೆದು ಮೊಟ್ಟೆ ಎಂದು ಬರೆದಳು. ಹತ್ತು ದಿನ ದಂಡವಾಯ್ತು ಎಂದಳು. ಯಾರ ಪಕ್ಕ ಕೂತು ಮಗು ನೆಮ್ಮದಿಯಾಗಿ ಇರುತ್ತಿದ್ದಳು ಎಂದು ಕೇಳಿದಳು. ಅಲ್ಲಿಂದ ನೇರ ನಿಮ್ಮತ್ತೆಯ ಕೋಣೆಗೆ ಹೋದೆ. ಹೊಲಿಯುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿ ಮುಗಿಸಿದೆ, ಅವರು ಮಿಷನ್ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: "ಮಗು ಏನು ತಿಂತು?" ನಿನ್ನೆಯಿಂದ ಏನೂ ಇಲ್ಲ ಎಂದೆ. ಮಿಷನ್ ನಿಂತಿತು. ಬಾಗಿಲಿಗೆ ಬೀಗವನ್ನೂ ಹಾಕದೆ ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ನಡೆದರು.

ಈಗ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದಾರೆ. ಬ್ರೆಡ್ಡನ್ನು ತಾವೇ ಸುಟ್ಟುಕೊಂಡು ಹೋದರು, ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಮಗು ಅವರ ತಟ್ಟೆಯಿಂದ ಅರ್ಧ ಹೋಳು ತಿಂದಿದ್ದಾಳೆ, ಇನ್ನರ್ಧ ಕೈಯಲ್ಲಿದೆ. ಅವಳು ತಿನ್ನುವಾಗ ನಾನು ಕಣ್ಣಿಗೆ ಬೀಳಬಾರದೆಂದು ತಜ್ಞೆಯೇ ಹೇಳಿದ್ದಾಳೆ, ಎಷ್ಟು ದಿನವೋ ಹೇಳಲಿಲ್ಲ. ಅದಕ್ಕೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಬರೆಯುತ್ತಿದ್ದೇನೆ. ಅಳಿಯಂದಿರಿಗೆ ಸಂಜೆ ನಾನೇ ಹೇಳುತ್ತೇನೆ. ನೀನು ಈ ಕಾಗದ ಕೈ ಸೇರಿದ ದಿನವೇ ಮೊದಲು ನಿಮ್ಮತ್ತೆಗೆ ಬರೆ. ಅವರು ನಿನ್ನ ಆ ಪತ್ರವನ್ನು ಇನ್ನೂ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ, ನಾನು ನೋಡಿದೆ. ನನಗೆ ಆಮೇಲೆ ಬರೆದರೂ ಆಯಿತು. "ಪ್ರೀತಿಯ ಅಮ್ಮಾ" ಎಂದು ಹಾಕಲು ಕೈ ಬಾರದಿದ್ದರೆ ಬಿಡು, ನೇರ ವಿಷಯಕ್ಕೆ ಬಾ.